ಹೆಬ್ಬೆಟ್ಟಿಗೆ ಬೀಗ ಯಾರು ಹಾಕಬೇಕು? ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ಸವಿನಯ ವಂದನೆಗಳು.

ಕೇಳುವುದು ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯ ತನಕ ಓದಲು ತಮಗೆ ಪುರುಸೊತ್ತು ಸಿಗದಿದ್ದರೂ ಇಷ್ಟಾದರೂ ಕಣ್ಣಿಗೆ ಬೀಳಲಿ. ಆಧಾರ್ ಜೋಡಿಸಿದ ಖಾತೆಯಿಂದ ಬರೀ ಬೆರಳಚ್ಚಿನ ಮೇಲೆ ಹಣ ತೆಗೆಯುವ ಎಇಪಿಎಸ್ ಸೌಲಭ್ಯ ಇದೆಯಲ್ಲ, ಅದನ್ನು ಖಾತೆದಾರರು ತಾವಾಗಿ ಬೇಕೆಂದು ಕೇಳುವವರೆಗೆ ಬಂದ್ ಇಡಿಸಿ. ಬೇಕಾದವರು ಕೇಳಿ ತೆರೆಸಿಕೊಳ್ಳಲಿ. ಈಗ ನಡೆದಿರುವುದು ಇದರ ತಿರುವುಮುರುವು. ಖಾತೆಗೆ ಆಧಾರ್ ಜೋಡಿಸಿದ ಕ್ಷಣ ಈ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ತೆರೆದಿದೆ ಎಂಬುದು ದುಡ್ಡು ಹೋದ ಮೇಲೆ ತಿಳಿಯುತ್ತದೆ.

ನಿಯಮ ತಮಗೆ ಗೊತ್ತಿಲ್ಲದ್ದೇನಲ್ಲ. ಎಇಪಿಎಸ್‌ಗೆ ಬೇಕಾದ್ದು ಮೂರೇ: ಬ್ಯಾಂಕಿನ ಹೆಸರು, ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ, ಒಂದು ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ, ಕಾರ್ಡ್ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿ ಮಿತಿ. ಎಷ್ಟು ಸಲ ಎಂಬುದು ಆಯಾ ಬ್ಯಾಂಕಿನ ಧೋರಣೆ. ಎಸ್‌ಎಂಎಸ್ ಬರುವುದು ಹಣ ಹೋದ ನಂತರ, ಅದೂ ಖಾತೆಗೆ ಮೊಬೈಲ್ ಸಂಖ್ಯೆ ಸರಿಯಾಗಿ ಸೇರಿದ್ದರೆ. ಸೇರಿಲ್ಲದವರಿಗೆ ಮುಂದಿನ ಸಲ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗಲೇ ದರ್ಶನ.

ಈ ಮೂರರಲ್ಲಿ ಗುಟ್ಟಾಗಿ ಉಳಿದಿರುವುದು ಯಾವುದು, ಹೇಳಿ. ಒಂದು ತಾಲ್ಲೂಕಿನಲ್ಲಿ ಇರುವುದೇ ನಾಲ್ಕೈದು ಬ್ಯಾಂಕು, ಊಹಿಸಲು ಜಾಣತನ ಬೇಕಿಲ್ಲ. ಆಧಾರ್ ಸಂಖ್ಯೆಯ ಜೆರಾಕ್ಸ್ ಲಾಡ್ಜಿನ ಡ್ರಾಯರಿನಲ್ಲಿದೆ, ಸಿಮ್ ಅಂಗಡಿಯಲ್ಲಿದೆ, ಬಾಡಿಗೆ ಕರಾರಿನ ಹಿಂದೆ ಪಿನ್ ಹೊಡೆದುಕೊಂಡು ಕೂತಿದೆ. ಇನ್ನು ಬೆರಳು. ನೋಂದಣಿ ಕಾಯ್ದೆಯ 32ಎ ಸೆಕ್ಷನ್ ಪ್ರಕಾರ ದಸ್ತಾವೇಜಿಗೆ ಭಾವಚಿತ್ರ ಅಂಟಿಸಬೇಕು, ಬೆರಳಚ್ಚು ಒತ್ತಬೇಕು. ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ದಾಖಲೆಗಳಿರುವ 1ನೇ ಪುಸ್ತಕವನ್ನು ಯಾರು ಅರ್ಜಿ ಹಾಕಿದರೂ ತೋರಿಸಬೇಕು, ಶುಲ್ಕ ಕಟ್ಟಿದರೆ ನಕಲು ಕೊಡಬೇಕು. ಕಾನೂನು 1908ರದ್ದು. ಆಸ್ತಿ ಕೊಳ್ಳುವವನಿಗೆ ಮೋಸವಾಗದಿರಲಿ ಎಂದು ಮಾಡಿದ ಒಳ್ಳೆಯ ಕಾನೂನೇ. ಬೆರಳಚ್ಚು ಒಂದು ದಿನ ಬ್ಯಾಂಕಿನ ಬೀಗದ ಕೈ ಆದೀತು ಎಂದು ಆಗ ಯಾರೂ ಕನಸು ಕಂಡಿರಲಿಲ್ಲ. (ಆಧಾರ್ ಕಾಯ್ದೆಯಲ್ಲೂ ಒಂದು 57ನೇ ಸೆಕ್ಷನ್ ಇತ್ತು. ಖಾಸಗಿಯವರ ಬಳಕೆಗೆ ಅದು ಕೊಟ್ಟಿದ್ದ ಅವಕಾಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಹೊಡೆದುಹಾಕಿತು. ನೋಂದಣಿ ಕಾಯ್ದೆಯ ಈ 57 ಮಾತ್ರ ಗಟ್ಟಿಮುಟ್ಟಾಗಿದೆ.)

ಯಾವುದಾದರೂ ಹಳೆಯ ಕ್ರಯಪತ್ರದ ನಕಲನ್ನು ಕೈಗೆತ್ತಿಕೊಂಡು ನೋಡಿ. ಎಡಗೈ ಹೆಬ್ಬೆಟ್ಟು ಚೌಕದೊಳಗೆ ಕಪ್ಪಗೆ ಮೂಡಿರುತ್ತದೆ, ಪಕ್ಕದಲ್ಲಿ ಭಾವಚಿತ್ರ, ಅದರಾಚೆ ಸಹಿ. ಎರಡು ಹಾಳೆ ತಿರುವಿದರೆ ಗುರುತಿಗೆಂದು ಲಗತ್ತಿಸಿದ ಆಧಾರ್ ಜೆರಾಕ್ಸ್, ಹನ್ನೆರಡೂ ಅಂಕಿ ಸ್ಪಷ್ಟ. ಮಾರಿದವರದ್ದು, ಕೊಂಡವರದ್ದು, ಎಷ್ಟೋ ಕಡೆ ಸಾಕ್ಷಿಗಳದ್ದೂ. ಬೀಗ, ಬೀಗದ ಕೈ, ಮನೆ ವಿಳಾಸ, ಮೂರನ್ನೂ ಒಂದೇ ದಾರದಲ್ಲಿ ಕಟ್ಟಿ ಕೊಟ್ಟಂತಿದೆ.

ಇದು ಬರೀ ಅನುಮಾನದ ಮಾತಲ್ಲ. 2018ರಲ್ಲೇ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಒಬ್ಬ ಆಸಾಮಿ, ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚಿನಿಂದ ನಕಲಿ ಅಚ್ಚು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. ಆಗಲೇ ಎಚ್ಚರವಾಗಬೇಕಿತ್ತು. ಐದು ವರ್ಷ ಕಳೆದು 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿಯ ಕಾವೇರಿ ಜಾಲತಾಣದ ದಸ್ತಾವೇಜುಗಳಿಂದ ತೆಗೆದ ಬೆರಳಚ್ಚಿನಲ್ಲಿ ಹಣ ಎತ್ತಿದ ಪ್ರಕರಣಗಳನ್ನು ಪೊಲೀಸರು ಹೊರಗೆಳೆದರು. ಬೆರಳಚ್ಚು ಮರೆಮಾಡುವ ಕ್ರಮ ಬಂದದ್ದು ಆಮೇಲೆ. ಒಳ್ಳೆಯದೇ. ಆದರೆ ಅಷ್ಟರಲ್ಲಿ ಹೊರಬಿದ್ದಿದ್ದ ನಕಲುಗಳನ್ನು ಮರೆಮಾಡುವವರು ಯಾರು? ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಾರ್ಡ್ ಕಳೆದರೆ ಬ್ಲಾಕ್ ಮಾಡಿಸಬಹುದು. ಹೆಬ್ಬೆಟ್ಟು ಸೋರಿದರೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರೋಣ? ತಮಗೆ ಮತ ಹಾಕಿದಾಗ ಬೆರಳಿಗೆ ಹಚ್ಚಿದ ಮೈಸೂರಿನ ಶಾಯಿಯಾದರೂ ಕೆಲವು ವಾರಕ್ಕೆ ಅಳಿಯುತ್ತದೆ.

ಈಗ ಒಂದು ಹಳೆಯ ಕಥೆ. ತಾವು ಮರೆತಿರಬಹುದು, ನಮಗೆ ಮರೆಯಲು ಆಗಿಲ್ಲ. 2022ರ ಮೇ 27. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕ ಸಂಸ್ಥೆಗೆ ಕೊಡಬೇಡಿ, ದುರ್ಬಳಕೆ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಹೋಟೆಲು, ಸಿನಿಮಾ ಮಂದಿರದವರಿಗೆ ಪ್ರತಿ ಇಟ್ಟುಕೊಳ್ಳುವ ಅಧಿಕಾರವಿಲ್ಲ. ನಮ್ಮೂರಿನ ಕಚೇರಿ, ನೆಟ್ಟಗೆ ಬರೆದ ಮಾತು. ವರ್ಷಗಟ್ಟಲೆ ಗೊಣಗುತ್ತಿದ್ದವರಿಗೆ ಕಡೆಗೂ ಸರ್ಕಾರವೇ ನಮ್ಮ ಭಾಷೆ ಆಡಿತಲ್ಲ ಎನಿಸಿತು. ಆ ಸಂತೋಷ ಎರಡೇ ದಿನ. ಮೇ 29ರಂದು ದಿಲ್ಲಿಯ ಐಟಿ ಸಚಿವಾಲಯ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. ಕಾರಣ? ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಂಭವವಿದೆಯಂತೆ! ಆಧಾರ್ ಬಳಸುವಾಗ, ಹಂಚಿಕೊಳ್ಳುವಾಗ ಸಾಮಾನ್ಯ ವಿವೇಚನೆ ಇಟ್ಟುಕೊಂಡರೆ ಸಾಕಂತೆ.

ಸಾಮಾನ್ಯ ವಿವೇಚನೆ! ಸ್ವಾಮಿ, ಜೆರಾಕ್ಸ್ ಕೊಡದಿದ್ದರೆ ರೂಮ್ ಕೊಡುವುದಿಲ್ಲ ಎನ್ನುವ ಲಾಡ್ಜಿನ ಕೌಂಟರಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಮಗು ಹೆಗಲ ಮೇಲೆ ಮಲಗಿರುವಾಗ, ಯಾವ ವಿವೇಚನೆ ತೋರಿಸಬೇಕು? ಮಾಸ್ಕ್ಡ್ ಪ್ರತಿ ಕೊಟ್ಟರೆ "ನಂಬರ್ ಕಾಣಲ್ಲ ಸಾರ್, ಒರಿಜಿನಲ್ ಕೊಡಿ" ಎನ್ನುತ್ತಾರೆ. ನಿಜ ಹೇಳಿದ ಕಚೇರಿಯ ಬಾಯಿ ಎರಡು ದಿನದಲ್ಲಿ ಮುಚ್ಚಿಸಬಹುದಾದರೆ, ನಮ್ಮ ಖಾತೆಯ ಬಾಗಿಲು ಮುಚ್ಚಿಸಲು ಇಷ್ಟು ವರ್ಷ ಯಾಕೆ ಬೇಕು?

ಬಯೋಮೆಟ್ರಿಕ್ ಲಾಕ್ ಇದೆಯಲ್ಲ ಎನ್ನುತ್ತೀರಿ. ಇದೆ. ಆಧಾರ್ ಆಪ್‌ನಲ್ಲೋ ಮೈ ಆಧಾರ್ ಜಾಲತಾಣದಲ್ಲೋ ಲಾಗಿನ್ ಆಗಿ, ಒಟಿಪಿ ಹಾಕಿ, ಲಾಕ್ ಆಯ್ಕೆ ಒತ್ತಬೇಕು. ಆಮೇಲೆ ಯಾರು ಬೆರಳಿಟ್ಟರೂ ಯಂತ್ರ 330 ಎಂಬ ದೋಷಸಂಖ್ಯೆ ತೋರಿಸಿ ನಿರಾಕರಿಸುತ್ತದೆ. ಓದುಗರು ಇವತ್ತೇ ಮಾಡಿಕೊಳ್ಳಲಿ, ಖರ್ಚಿಲ್ಲ. ಅದೇ ಜಾಲತಾಣದಲ್ಲಿ ಅಥೆಂಟಿಕೇಶನ್ ಹಿಸ್ಟರಿ ತೆರೆದರೆ ಕಳೆದ ಆರು ತಿಂಗಳಲ್ಲಿ ತಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು, ಬೆರಳೋ ಒಟಿಪಿಯೋ ಎಂಬುದು ಐವತ್ತು ದಾಖಲೆಗಳವರೆಗೆ ಕಾಣುತ್ತದೆ.

ಆದರೆ ಈ ಬೀಗ ಇಡೀ ಬೆರಳಿಗೆ ಬೀಳುತ್ತದೆ, ಬ್ಯಾಂಕಿಗೆ ಮಾತ್ರ ಅಲ್ಲ. ಲಾಕ್ ಮಾಡಿದವರು ನ್ಯಾಯಬೆಲೆ ಅಂಗಡಿಗೆ ಹೋದರೆ ಅಲ್ಲೂ 330. ಅಕ್ಕಿ ಬೇಕಾದರೆ ಸರತಿಯಲ್ಲಿ ನಿಂತೇ ಮೊಬೈಲ್ ತೆಗೆದು, ನೆಟ್‌ವರ್ಕ್ ಹುಡುಕಿ, ಒಟಿಪಿ ಕಾದು, ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಬೇಕು. ಅದು ತೆರೆದಿರುವುದು ಹತ್ತು ನಿಮಿಷ. ಅಷ್ಟರಲ್ಲಿ ಸರದಿ ಬರದಿದ್ದರೆ ಮತ್ತೆ ಮೊದಲಿಂದ. ಆಧಾರ್‌ಗೆ ಮೊಬೈಲ್ ಜೋಡಿಸದವರಿಗೆ ಒಟಿಪಿಯೇ ಬರುವುದಿಲ್ಲ, ಲಾಕೂ ಇಲ್ಲ. ಅಂದರೆ ಯಾರ ಹಣ ಸುಲಭವಾಗಿ ಹೋಗುತ್ತದೋ ಅವರಿಗೇ ಈ ಬೀಗ ಎಟುಕುವುದಿಲ್ಲ. ನಾವು ಕೇಳುತ್ತಿರುವುದು ಇಡೀ ಬೆರಳಿಗೆ ಬೀಗವಲ್ಲ. ಖಾತೆಯ ಒಂದು ಬಾಗಿಲಿಗೆ, ಬ್ಯಾಂಕೇ ಹಾಕಬೇಕಾದ ಬೀಗ.

ಆ ಬಾಗಿಲು ಮುಚ್ಚಿದರೆ ಸರ್ಕಾರದ ಹಣ ಬರುವುದು ನಿಲ್ಲುತ್ತದೆ ಎಂದು ಹೆದರಿಸುವವರಿದ್ದಾರೆ. ಶುದ್ಧ ಸುಳ್ಳು. ಗೃಹಲಕ್ಷ್ಮಿಯ 2,000 ರೂಪಾಯಿಯಾಗಲಿ, ಪಿಂಚಣಿಯಾಗಲಿ, ಆಧಾರ್ ಸಂಖ್ಯೆಯ ಮೇಲೆ ಖಾತೆಗೆ ಜಮೆ ಆಗುವುದು ಬೇರೆ ವ್ಯವಸ್ಥೆಯಲ್ಲಿ. ಯಾವ ಸಂಖ್ಯೆಗೆ ಯಾವ ಬ್ಯಾಂಕ್ ಎಂಬ ನಕ್ಷೆ ನೋಡಿ ಹಣ ಹಾಕುವ ಕೆಲಸ ಅಷ್ಟೇ ಅದು, ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ಒಳಗೆ ಬರುವ ಬಾಗಿಲು ಒಂದು, ಹೊರಗೆ ಹೋಗುವ ಬಾಗಿಲು ಇನ್ನೊಂದು. ಮೊದಲನೆಯದಕ್ಕೆಂದು ಸಹಿ ಹಾಕಿಸಿಕೊಂಡು ಎರಡನೆಯದನ್ನೂ ತೆರೆದಿಟ್ಟಿದ್ದೀರಿ.

ಹಳ್ಳಿಯ ಅಜ್ಜಿ ಬ್ಯಾಂಕ್ ಮಿತ್ರನ (ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಏಜೆಂಟ್) ಹತ್ತಿರ ಹಣ ತೆಗೆಯುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಾಖೆ ಹದಿನೈದು ಕಿಲೋಮೀಟರ್ ದೂರ ಇರುವ ಊರಿಗೆ ಎಇಪಿಎಸ್ ದೊಡ್ಡ ಉಪಕಾರ, ಅದನ್ನು ಕಿತ್ತುಹಾಕಿ ಎಂದು ಯಾರೂ ಹೇಳುತ್ತಿಲ್ಲ. ಅಜ್ಜಿ ಒಮ್ಮೆ ಅರ್ಜಿ ಕೊಡಲಿ, ದಿನಕ್ಕೆ ಎಷ್ಟು ಎಂಬ ಮಿತಿಯನ್ನು ಅವರೇ ಹೇಳಲಿ, 2,000 ಸಾಕೆಂದರೆ 2,000. ಆದರೆ ಪಟ್ಟಣದಲ್ಲಿ ಎಟಿಎಂ ಕಾರ್ಡೂ ಯುಪಿಐಯೂ ಇಟ್ಟುಕೊಂಡು, ಜೀವನದಲ್ಲಿ ಒಮ್ಮೆಯೂ ಬೆರಳಿಟ್ಟು ಹಣ ತೆಗೆಯದವರ ಖಾತೆಯಲ್ಲಿ ಈ ಬಾಗಿಲು ಯಾಕೆ ತೆರೆದಿರಬೇಕು? ಕೇಳುವವರೆಗೆ ಬಂದ್ ಇರಲಿ.

ಇದೇನು ಹೊಸ ತತ್ವವೂ ಅಲ್ಲ. 2020ರ ಜನವರಿ 15ರಂದು ರಿಸರ್ವ್ ಬ್ಯಾಂಕ್ ಕಾರ್ಡುಗಳಿಗೆ ಇದೇ ನಿಯಮ ಮಾಡಿತು. ಹೊಸ ಕಾರ್ಡ್ ಕೈಗೆ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯುತ್ತದೆ, ಆನ್‌ಲೈನ್, ವಿದೇಶ, ತಾಗಿಸಿ ಪಾವತಿಸುವುದು ಇವೆಲ್ಲ ನಾವು ಆನ್ ಮಾಡುವವರೆಗೆ ಆಫ್. ಬದಲಿಸಬಹುದಾದ ಪ್ಲಾಸ್ಟಿಕ್ ತುಂಡಿಗೆ ಇಷ್ಟು ಮುತುವರ್ಜಿ, ಬದಲಿಸಲಾಗದ ಬೆರಳಿಗೆ ಸಾಮಾನ್ಯ ವಿವೇಚನೆ!

ಅಧಿಕಾರಿಗಳು ತಮ್ಮ ಕೈಗೆ ಕೊಡುವ ಉತ್ತರ ನಮಗೆ ಬಾಯಿಪಾಠ. ಒಂದು, ಎಲ್1 ಎಂಬ ಹೊಸ ಬಗೆಯ ಬೆರಳಚ್ಚು ಸಾಧನ ಬಂದಿದೆ, ಬೆರಳಚ್ಚು ಯಂತ್ರದೊಳಗೇ ಗೂಢಲಿಪಿಯಾಗುತ್ತದೆ. ಸರಿ, ಆದರೆ ಅದು ತಡೆಯುವುದು ದಾರಿಯಲ್ಲಿ ನಡೆಯುವ ಕಳ್ಳತನವನ್ನು. ಮೇಲೆ ಇಟ್ಟದ್ದೇ ನಕಲಿ ಬೆರಳಾದರೆ ನಕಲಿಯನ್ನೇ ಭದ್ರವಾಗಿ ಸಾಗಿಸುತ್ತದೆ. ಎರಡು, 2023ರಲ್ಲಿ ಬೆರಳಿನ ಗೆರೆಗಳ ಜೊತೆ ಚಿತ್ರವನ್ನೂ ನೋಡಿ ಅದು ಜೀವಂತ ಬೆರಳೇ ಎಂದು ಪರೀಕ್ಷಿಸುವ ತಂತ್ರ ತಂದಿದ್ದೇವೆ. ತಂದದ್ದು ಸಂತೋಷ, ಹಿಂದಿನದು ಸಾಲದಾಗಿತ್ತು ಎಂದು ಒಪ್ಪಿಕೊಂಡಂತೆಯೂ ಆಯಿತು. ಮೂರು, ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಎಇಪಿಎಸ್ ಆಪರೇಟರುಗಳ ಹಿನ್ನೆಲೆ ಪರಿಶೀಲನೆಗೆ ನಿರ್ದೇಶನ ಹೊರಡಿಸಿದೆ. ಬೇಕಾದ್ದೇ. ಆದರೆ ಕಾವಲುಗಾರನ ಜಾತಕ ನೋಡಿದ ಮಾತ್ರಕ್ಕೆ ಬಾಗಿಲು ಮುಚ್ಚಿದಂತಾಗುವುದಿಲ್ಲ.

ಹಣ ಹೋದವರ ಗತಿಯನ್ನೂ ಸ್ವಲ್ಪ ಕೇಳಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಮಾಡಿದ ನಿಯಮದಲ್ಲಿ ಎಲ್ಲ ಇದೆ. ತಪ್ಪು ಗ್ರಾಹಕರದ್ದಲ್ಲದಿದ್ದರೆ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಬ್ಯಾಂಕ್ ಹತ್ತು ಕೆಲಸದ ದಿನಗಳಲ್ಲಿ ಹಣವನ್ನು ಖಾತೆಗೆ ತಾತ್ಕಾಲಿಕವಾಗಿ ಹಾಕಬೇಕು, 90 ದಿನಗಳಲ್ಲಿ ದೂರು ತೀರ್ಮಾನಿಸಬೇಕು, ತಪ್ಪು ಗ್ರಾಹಕರದ್ದು ಎಂದು ರುಜುವಾತು ಮಾಡುವ ಹೊರೆ ಬ್ಯಾಂಕಿನದ್ದು. ಕೌಂಟರಿನಲ್ಲಿ ಸಿಗುವ ಉತ್ತರ ಬೇರೆ: "ನಿಮ್ಮದೇ ಬೆರಳಲ್ವಾ, ಮನೆಯವರನ್ನ ಕೇಳಿ ನೋಡಿ." ಆದ್ದರಿಂದ ಓದುಗರಿಗೆ ಒಂದು ಮಾತು. ಬಾಯಿಮಾತಿನಲ್ಲಿ ದೂರು ಹೇಳಬೇಡಿ, ಬರೆದು ಕೊಡಿ, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಣ ಹೋದ ಪ್ರತಿ ಎಂಟ್ರಿಗೂ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ, ಅಂದರೆ ಆರ್‌ಆರ್‌ಎನ್ ಇರುತ್ತದೆ, ಬ್ಯಾಂಕಿನಿಂದ ಅದನ್ನು ಪಡೆದು ದೂರಿನಲ್ಲಿ ಬರೆಯಿರಿ. ಅದಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಇನ್ನೊಂದು ಖಾತೆಯಲ್ಲಿ ನಿಂತಿದ್ದರೆ ತಡೆಯಲು ಒಂದು ಅವಕಾಶ ಉಂಟು. ಬ್ಯಾಂಕ್ ಮಿತ್ರನ ಯಂತ್ರದಲ್ಲಿ "ಸರ್ವರ್ ಇಲ್ಲ, ಇನ್ನೊಂದ್ಸಲ ಬೆರಳಿಡಿ" ಎಂದರೆ ಮೊದಲ ಸಲದ ರಸೀದಿ ಕೇಳಿ. ಹಣ ಕೈಗೆ ಬರದೆ ಖಾತೆಯಲ್ಲಿ ಕಡಿತವಾಗಿದ್ದರೆ ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ನಿಯಮ, ಕೇಳದೆ ಯಾರೂ ಕೊಡುವುದಿಲ್ಲ.

ಸಂಸದರೇ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ದಿಲ್ಲಿಯ ತನಕ ಹೋದರು. ತಾವು ಅಧಿವೇಶನಕ್ಕೆ ಹೇಗೂ ಅಲ್ಲಿಗೇ ಹೋಗುತ್ತೀರಿ.

ಕೋರ್ಟಿಗೆ ಹೋಗಬೇಕಿಲ್ಲ, ಒಂದು ಪ್ರಶ್ನೆ ಹಾಕಿ ಸಾಕು. ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕೆಂಬುದು ತಮಗೆ ಗೊತ್ತು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ನಡೆದೀತು, ಲಿಖಿತ ಉತ್ತರವೇ ನಮಗೆ ಬೇಕು. ಹಣಕಾಸು ಸಚಿವಾಲಯಕ್ಕೆ ಕೇಳಬೇಕಾದ್ದನ್ನು ಬರೆದೇ ಕೊಡುತ್ತೇನೆ. ಆಧಾರ್ ಜೋಡಿಸಿದ ಖಾತೆಗಳಲ್ಲಿ ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಎಇಪಿಎಸ್ ಮೂಲಕ ಹಣ ತೆಗೆಯದ ಖಾತೆಗಳು ಎಷ್ಟು? ಅವುಗಳಲ್ಲಿ ಆ ಸೌಲಭ್ಯ ತೆರೆದಿಡಲು ಖಾತೆದಾರರಿಂದ ಪ್ರತ್ಯೇಕ ಒಪ್ಪಿಗೆ ಪಡೆಯಲಾಗಿದೆಯೇ? ಇಲ್ಲದಿದ್ದರೆ ಅದನ್ನು ಯಾವ ತಾರೀಕಿನೊಳಗೆ ಬಂದ್ ಮಾಡಲಾಗುವುದು?

ಮೂರನೆಯದಕ್ಕೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರೆ ದಯವಿಟ್ಟು ಸುಮ್ಮನೆ ಕೂರಬೇಡಿ. ತಾರೀಕು ಕೇಳಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ