ಅಪ್ಪನ ಜೊತೆ ನಿಂತವರಿಗೆಲ್ಲ ಥ್ಯಾಂಕ್ಸ್

ಅಪ್ಪ ಈಗ ಕೋಲು ಹಿಡ್ಕೊಂಡು ಕಾಫಿ ಕಣದ ತನಕ ನಡೀತಿದ್ದಾರೆ, ಮಾತೂ ಒಂದೊಂದೇ ಬರ್ತಿದೆ, ನೀರು, ಸಾಕು, ಬಾ. ಹೋದ ಮಳೆಗಾಲದಲ್ಲಿ ಸ್ಟ್ರೋಕ್ ಆದಾಗಿಂದ ವಿಚಾರಿಸ್ತಾ ಇದ್ದವರಿಗೆಲ್ಲ ಇದನ್ನ ಹೇಳ್ಬೇಕಿತ್ತು.

ಆ ರಾತ್ರಿ ಸುರಿಯೋ ಮಳೇಲಿ ಜೀಪ್ ತೆಗೆದು ಮೈಸೂರಿಗೆ ಕರ್ಕೊಂಡು ಹೋದ ಪಕ್ಕದ ತೋಟದ ಅಣ್ಣ, ನಾವ್ಯಾರೂ ಇಲ್ದೇ ಇದ್ರೂ ಕುಯ್ಲು ನಿಲ್ಲದ ಹಾಗೆ ನೋಡ್ಕೊಂಡ ನಮ್ಮ ತೋಟದ ಲೈನ್ ಮನೆಯ ಕೆಲಸದವರು, ಮೈಸೂರಿನ ವಾಕ್ ಶ್ರವಣ ಸಂಸ್ಥೇಲಿ ತಾಳ್ಮೆಯಿಂದ ಒಂದೊಂದೇ ಅಕ್ಷರ ಹೇಳಿಸಿದ ಥೆರಪಿಸ್ಟ್ ಮೇಡಂ, ನಿಮ್ಮ ಋಣ ತೀರಿಸೋಕಾಗಲ್ಲ.

ಇನ್ನೊಬ್ಳಿದ್ದಾಳೆ, ಚಿಕ್ಕಪ್ಪನ ಮಗಳು. ನಮ್ಮಲ್ಲಿ ಮಳೆಗೆ ನೆಟ್‌ವರ್ಕ್ ಇರಲ್ಲ ಅಂತ ಬೆಂಗಳೂರಲ್ಲೇ ಸಿನಿಮಾ ಡೌನ್‌ಲೋಡ್ ಮಾಡಿ ತನ್ನ ಟ್ಯಾಬ್ ಕಳಿಸಿಕೊಟ್ಳು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಅಪ್ಪಂಗೆ ಮಾತು ಹೋಗಿದ್ದಷ್ಟೇ ಅಲ್ಲ, ಬೇರೆಯವರು ಬಡಬಡ ಮಾತಾಡಿದ್ರೂ ಅರ್ಥ ಆಗ್ತಿರ್ಲಿಲ್ಲ, ಟಿವಿ ನ್ಯೂಸ್ ಹಾಕಿದ್ರೆ ಮುಖ ಆ ಕಡೆ ತಿರುಗಿಸ್ತಿದ್ರು. ಅಂಥವರು 2015ರ ‘ತಿಥಿ’ ಪೂರ್ತಿ ನೋಡಿದ್ರು! ಅದರಲ್ಲಿ ಗಡ್ಡಪ್ಪ ಮಾತಾಡೋದೇ ಕಮ್ಮಿ, ಮಗ ಜಮೀನು ಮಾರೋಕೆ ಓಡಾಡ್ತಿದ್ರೆ ಇವ್ರು ತಮ್ಮ ಪಾಡಿಗೆ ನಡ್ಕೊಂಡು ಹೋಗ್ತಾ ಇರ್ತಾರೆ, ಆ ನಡಿಗೆ ನೋಡಿದ್ರೇ ಸಾಕು ಅಪ್ಪ ಮಗನ ನಡುವೆ ಏನಿದೆ ಅಂತ ಗೊತ್ತಾಗತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು.

2013ರ ‘ಲಂಚ್‌ಬಾಕ್ಸ್’ ಮಾತ್ರ ಅಮ್ಮಂದು. ಕಥೆ ಇರೋದು ಡಬ್ಬೀಲಿ ಚೀಟಿ ಬರ್ಕೊಳ್ಳೋ ಇಬ್ಬರ ಬಗ್ಗೆ, ಆದ್ರೆ ಅಮ್ಮನ ಮನಸ್ಸಲ್ಲಿ ಉಳಿದಿದ್ದು ಮೇಲಿನ ಮಹಡಿ ಮನೆಯ ಆಂಟಿ. ಆಕೆ ಮುಖ ಒಂದ್ಸಲಾನೂ ತೋರಿಸಲ್ಲ, ಬರೀ ದನಿ, ಒಳಗೆ ಗಂಡ ವರ್ಷಗಟ್ಲೆಯಿಂದ ಮಲಗಿದಲ್ಲೇ ಫ್ಯಾನ್ ನೋಡ್ಕೊಂಡಿರ್ತಾರೆ. ಅಮ್ಮಂಗೆ ಹಿಂದಿ ಅಷ್ಟಕ್ಕಷ್ಟೇ, ‘ಆಕೆಗೆ ಊಟ ಆಯ್ತಾ ಅಂತ ಯಾರಾದ್ರೂ ಕೇಳ್ತಾರಾ ಇದ್ರಲ್ಲಿ’ ಅಂದ್ರು. ನನಗೆ ಉತ್ತರ ಕೊಡೋಕಾಗ್ಲಿಲ್ಲ. ಮಾರನೇ ದಿನದಿಂದ ಅಪ್ಪನ್ನ ನೋಡ್ಕೊಳ್ಳೋ ರಾತ್ರಿ ಪಾಳಿ ನಾನು ತಗೊಂಡೆ, ಅಮ್ಮ ಮಲಗಿದ್ರು.

ಅದಕ್ಕೇ ಈ ಥ್ಯಾಂಕ್ಸಲ್ಲಿ ಅಮ್ಮನ ಪಾಲು ಎಲ್ಲರಿಗಿಂತ ದೊಡ್ಡದು. ಆಮೇಲೆ ಇಂಥ ಚಿಕ್ಕ ಸಿನಿಮಾಗಳನ್ನ ದುಡ್ಡು ವಾಪಸ್ ಬರತ್ತೋ ಇಲ್ವೋ ಅಂತ ಯೋಚ್ನೆ ಮಾಡದೆ ತೆಗೆಯೋರಿಗೂ ಕೈ ಮುಗೀತೀನಿ, ಮಾತಾಡೋಕಾಗದ ಮನುಷ್ಯನ ಜೊತೆ ಕೂತು ನೋಡೋಕೆ ನಮಗೆ ಸಿಕ್ಕಿದ್ದು ಅವೇ.

ಮಾತು ಕಮ್ಮಿ ಇರೋ, ಗಡಿಬಿಡಿ ಇಲ್ಲದ ಸಿನಿಮಾ ನಿಮಗೆ ಗೊತ್ತಿದ್ರೆ ಹೆಸರು ಕಳಿಸಿ, ಈ ಮಳೆಗಾಲಕ್ಕೂ ಬೇಕು.