ಬುಡಾಪೆಸ್ಟಿನಲ್ಲಿ ಅವ್ವ ಏನು ತಿನ್ನಬಹುದು

ವಿಯೆನ್ನಾ
ಆಗಸ್ಟ್ 19

ಪ್ರೀತಿಯ ಅವ್ವನಿಗೆ,

ನಿನಗೂ ಅಪ್ಪಾಜಿಗೂ ನಮಸ್ಕಾರ. ನಾವಿಬ್ಬರೂ ಆರಾಮ ಇದ್ದೇವೆ. ಪಂಚಮಿಗೆ ನೀನು ಕಳಿಸಿದ ಡಬ್ಬಿ ಬಂದು ಮುಟ್ಟಿತು. ಶೇಂಗಾ ಉಂಡಿ ಒಂದೂ ಒಡೆದಿಲ್ಲ. ರವಾ ಉಂಡಿ ಪೂರ್ತಿ ಪುಡಿ. ಅದನ್ನು ಚಮಚದಲ್ಲಿ ತಿನ್ನುತ್ತಿದ್ದೇವೆ, ರುಚಿಗೇನೂ ಕಡಿಮೆಯಾಗಿಲ್ಲ.

ಮೊನ್ನೆ ಫೋನಿನಲ್ಲಿ "ನಾ ಅಲ್ಲಿಗೆ ಬಂದು ಏನು ತಿನ್ನಲಿ, ಬರೀ ಬ್ರೆಡ್ಡಾ?" ಅಂದೆಯಲ್ಲ, ಅದಕ್ಕೇ ಈ ಪತ್ರ. ಬಾಯಿಂದ ಹೇಳಿದರೆ ಎರಡು ಸಲ "ಹೂಂ" ಅಂದು ಫೋನನ್ನು ಅಪ್ಪಾಜಿ ಕೈಗೆ ಕೊಟ್ಟುಬಿಡುತ್ತೀ. ಬರೆದದ್ದಾದರೆ ಕನ್ನಡಕ ಹುಡುಕಿ ಪೂರ್ತಿ ಓದುತ್ತೀ.

ಆಗಸ್ಟ್ 15 ಇಲ್ಲಿಯೂ ರಜೆ. ನಮ್ಮ ಸ್ವಾತಂತ್ರ್ಯ ದಿನಕ್ಕಲ್ಲ, ಮೇರಿ ಮಾತೆಯ ಹಬ್ಬಕ್ಕೆ. ಶುಕ್ರವಾರ ಬಂದಿದ್ದರಿಂದ ಶನಿವಾರ, ಭಾನುವಾರ ಸೇರಿಸಿಕೊಂಡು ಬುಡಾಪೆಸ್ಟಿಗೆ ಹೋಗಿ ಬಂದೆವು. ಹಂಗೇರಿಯ ರಾಜಧಾನಿ. ರೈಲಿನಲ್ಲಿ ಎರಡೂವರೆ ತಾಸಿಗಿಂತ ಸ್ವಲ್ಪ ಜಾಸ್ತಿ. ಭಾಷೆ ಬೇರೆ, ರೊಕ್ಕ ಬೇರೆ. ಆದರೆ ಇಲ್ಲಿಗೆ ಬರಲು ನಿಮಗೆ ಸಿಗುವ ವೀಸಾ ಅಲ್ಲಿಗೂ ನಡೆಯುತ್ತದೆ, ಗಡಿಯಲ್ಲಿ ಇಳಿಯುವ ತಾಪತ್ರಯ ಇಲ್ಲ. ದಾರಿಯಲ್ಲಿ ಸೂರ್ಯಕಾಂತಿ ಹೊಲಗಳು. ಇವರು ಕಿಟಕಿಗೆ ಹಣೆ ಹಚ್ಚಿ "ಸಿಂದಗಿ ಕಾಕಾ ಇದನ್ನು ನೋಡಬೇಕಿತ್ತು" ಅನ್ನುತ್ತಲೇ ಇದ್ದರು.

ಗಂಟು ಇಟ್ಟವರೇ ಅಲ್ಲಿನ ದೊಡ್ಡ ಮಾರ್ಕೆಟ್ಟಿಗೆ ನಡೆದೆವು. 1897ರಲ್ಲಿ ತೆರೆದದ್ದು, ಡ್ಯಾನ್ಯೂಬ್ ನದಿಯ ಹಸಿರು ಸೇತುವೆಯ ಹತ್ತಿರ ಇದೆ. ಕಬ್ಬಿಣದ ಕಂಬಗಳು, ಎತ್ತರದ ಮಾಡು, ಮೇಲೆ ಬಣ್ಣಬಣ್ಣದ ಹೆಂಚು. ಕೆಳಗೆ ಕಾಯಿಪಲ್ಯ, ಹಣ್ಣು, ಮಾಂಸ. ಮೇಲಿನ ಅಂತಸ್ತಿನಲ್ಲಿ ತಿಂಡಿ ಅಂಗಡಿಗಳು. ಮಾಂಸದ ಸಾಲಿನಲ್ಲಿ ನೀನು ಸೆರಗು ಮೂಗಿಗೆ ಹಿಡಿದು ಸರಸರ ನಡೆದುಬಿಡು. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಮೆಣಸಿನಕಾಯಿಗಾಗಿ.

ಅವ್ವ, ಮೆಣಸಿನಪುಡಿಯ ಮೇಲೆ ಇಷ್ಟು ಭಕ್ತಿ ಇರುವ ಜನರನ್ನು ನಮ್ಮ ಕಡೆ ಬಿಟ್ಟರೆ ನಾನು ಅಲ್ಲೇ ನೋಡಿದ್ದು. ಪಾಪ್ರಿಕಾ ಅನ್ನುತ್ತಾರೆ. ಒಣಮೆಣಸಿನಕಾಯಿಯನ್ನು ಸರ ಪೋಣಿಸಿ ಅಂಗಡಿ ಮುಂದೆ ಇಳಿಬಿಟ್ಟಿರುತ್ತಾರೆ. ಬಟ್ಟೆಯ ಪುಟ್ಟ ಚೀಲಗಳಲ್ಲಿ, ತಗಡಿನ ಡಬ್ಬಿಗಳಲ್ಲಿ ಪುಡಿ. ನಾವು ಬ್ಯಾಡಗಿಯದಾ, ಗುಂಟೂರಿನದಾ ಅಂತ ಕೇಳಿದ ಹಾಗೆ ಅವರಲ್ಲಿ ಸೆಗೆಡ್, ಕಲೊಚಾ ಎಂಬ ಎರಡು ಊರುಗಳ ಪುಡಿಗೆ ಹೆಸರು. ಖಾರ ಇಲ್ಲದ್ದು, ಅರೆಖಾರದ್ದು, ಖಾರದ್ದು ಅಂತ ದರ್ಜೆಗಳೂ ಇವೆ. ಖಾರ ಇಲ್ಲದ ಪುಡಿಗೇ ಬೇಡಿಕೆ ಜಾಸ್ತಿಯಂತೆ. ನಾನು ಎಲ್ಲವನ್ನೂ ನಾಲಿಗೆಗೆ ಹಚ್ಚಿಕೊಂಡು ನೋಡಿದೆ. ಅವರ ಖಾರದ್ದು ನಮ್ಮ ಬ್ಯಾಡಗಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಅಷ್ಟೆ. ಖಾರ ಇಲ್ಲದ್ದರಲ್ಲಿ ಬಣ್ಣವೇ ಬಣ್ಣ, ಹಿಂದಿನಿಂದ ಒಂದು ಸಣ್ಣ ಸಿಹಿ. ಅಂಗಡಿಯ ಅಜ್ಜಿ ಖಾರದ ಡಬ್ಬಿ ತೆರೆಯುವ ಮೊದಲು ಬಾಯಿ ಮುಂದೆ ಕೈ ಬೀಸಿ ನಮ್ಮನ್ನು ಎಚ್ಚರಿಸಿದಳು. ಇವರು ನಗು ತಡೆಯಲಾರದೆ ಪಕ್ಕದ ಅಂಗಡಿಗೆ ಸರಿದರು.

ಅಡುಗೆಗೆ ಅದನ್ನು ಹಾಕುವ ಕ್ರಮ ಕೇಳಿದರೆ ನಿನಗೆ ಖುಷಿಯಾಗುತ್ತದೆ. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ನಿಧಾನಕ್ಕೆ ಬಾಡಿಸುತ್ತಾರೆ. ಪಾತ್ರೆಯನ್ನು ಒಲೆಯಿಂದ ಇಳಿಸುತ್ತಾರೆ. ಆಮೇಲೆ ಪುಡಿ, ಕೂಡಲೇ ನೀರು. ಪುಡಿಯಲ್ಲಿ ಸಕ್ಕರೆಯ ಅಂಶ ಇರುವುದರಿಂದ ಕಾದ ಎಣ್ಣೆಯಲ್ಲಿ ಬೇಗ ಕರಕಾಗಿ ಕಹಿಯಾಗುತ್ತದೆ. ಒಗ್ಗರಣೆ ಇಳಿಸಿದ ಮೇಲೆ ಖಾರ ಹಾಕು ಅಂತ ನೀನು ಬೈಯುವುದೂ ಇದಕ್ಕೇ ಅಲ್ವಾ?

ತಮ್ಮನಿಗೆ ಒಂದು ವಿಷಯ. ಸೆಗೆಡ್‌ನಲ್ಲಿ ಆಲ್ಬರ್ಟ್ ಸೆಂಟ್‌ಗ್ಯೋರ್ಗಿ ಎಂಬ ವಿಜ್ಞಾನಿ ಇದ್ದರು. ವಿಟಮಿನ್ ಸಿ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ ಅದು ಬೇಕಾದಷ್ಟು ಸಿಕ್ಕಿದ್ದು ಊರಿನ ಮೆಣಸಿನಕಾಯಿಯಲ್ಲಿ. 1937ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿ ಭಜಿ ತಿನ್ನಲು ಅವನಿಗೆ ಇನ್ನೊಂದು ನೆಪ.

ಅಪ್ಪಾಜಿಗೂ ಒಂದು ಇದೆ, ಓದಿ ಹೇಳು. ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ್ದು. ನಮಗೆ ಪೋರ್ಚುಗೀಸರು ತಂದರು, ಹಂಗೇರಿಗೆ ಬಂದದ್ದು ತುರ್ಕರ ಕಾಲದಲ್ಲಿ. ಬುಡಾಪೆಸ್ಟಿನ ಬುಡಾ ಕೋಟೆ 1541ರಿಂದ ತುರ್ಕರ ಕೈಯಲ್ಲಿತ್ತು, 1686ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಅದೇ 1686ರ ಸೆಪ್ಟೆಂಬರಿನಲ್ಲೇ ನಮ್ಮ ವಿಜಯಪುರ ಔರಂಗಜೇಬನ ವಶವಾಯಿತು, ಆದಿಲ್‌ಶಾಹಿ ಮುಗಿಯಿತು. ಒಂದೇ ತಿಂಗಳು! ಬೀಗರು ಬಂದಾಗಲೆಲ್ಲ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಲ್ಲಿಸಿ ತಾಸುಗಟ್ಟಲೆ ಇತಿಹಾಸ ಹೇಳುವ ಅಪ್ಪಾಜಿಗೆ ಇದು ಸಾಕಷ್ಟು ದಿನ ಬರುತ್ತದೆ. ಬುಡಾ ಕಡೆ ಗುಲ್ ಬಾಬಾ ಎಂಬ ತುರ್ಕಿ ಫಕೀರರ ದರ್ಗಾ ಕೂಡ ಇದೆ. ಸಣ್ಣ ಗುಮ್ಮಟ, ಸುತ್ತ ಗುಲಾಬಿ ತೋಟ. ಏರು ಜಾಸ್ತಿ, ಮೊಣಕಾಲು ನೋಡಿಕೊಂಡು ಕರೆದುಕೊಂಡು ಹೋಗುತ್ತೇನೆ.

ಈಗ ತಿನ್ನುವ ಮಾತು. ಗುಲಾಶ್ ಅಂತ ಎಲ್ಲ ಕಡೆ ಬೋರ್ಡು ಇರುತ್ತದೆ. ದನದ ಮಾಂಸದ ಸಾರು, ನಮಗಲ್ಲ. ನಿನಗೆ ಮೊದಲು ಕೊಡಿಸುವುದು ಲಾಂಗೋಶ್. ಮೈದಾಹಿಟ್ಟನ್ನು ಹುದುಗು ಬರಿಸಿ, ಕೈಯಿಂದ ಎಳೆದು ತಟ್ಟಿ, ಎಣ್ಣೆಯಲ್ಲಿ ಕರಿಯುತ್ತಾರೆ. ತಾಟಿನಷ್ಟು ಅಗಲ. ಅಂಚು ಗರಿಗರಿ, ನಡುವೆ ಮೆತ್ತಗೆ. ಬಿಸಿ ಇರುವಾಗಲೇ ಬಳ್ಳೊಳ್ಳಿ ನೀರು ಸವರಿ, ಹುಳಿ ಕೆನೆ ಹಚ್ಚಿ, ಮೇಲೆ ಚೀಸ್ ತುರಿ ಸುರಿಯುತ್ತಾರೆ. ಹಿಂದೆ ಬ್ರೆಡ್ಡಿನ ಒಲೆ ಹಚ್ಚಿದ ದಿನ ಉಳಿದ ಹಿಟ್ಟನ್ನು ಬೆಂಕಿಯ ಬಾಯಲ್ಲಿ ಸುಟ್ಟು ತಿನ್ನುತ್ತಿದ್ದರಂತೆ, ಕರಿಯುವುದು ಆಮೇಲೆ ಬಂದದ್ದು. ಮಾರ್ಕೆಟ್ಟಿನ ಮೇಲಂತಸ್ತಿನಲ್ಲಿ ಸಿಗುತ್ತದೆ, ಆದರೆ ಅಲ್ಲಿ ಸರದಿ ಉದ್ದ, ಕೂರಲು ಜಾಗವಿಲ್ಲ, ರೇಟೂ ಜಾಸ್ತಿ. ಹೊರಗಿನ ಓಣಿಯ ಸಣ್ಣ ಕಿಟಕಿ ಅಂಗಡಿಯದೇ ನನಗೆ ಸೇರಿತು. ಬರೀ ಬಳ್ಳೊಳ್ಳಿ, ಉಪ್ಪು ಹಾಕಿಸಿಕೊಂಡು ತಿಂದರೆ ಇನ್ನೂ ಚಲೋ. ಕೆನೆ, ಚೀಸ್ ಎಲ್ಲ ಸೇರಿದರೆ ಅರ್ಧಕ್ಕೇ ಹೊಟ್ಟೆ ಭಾರ. ಒಂದು ಎಚ್ಚರಿಕೆ: ಕೆಲವರು ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ. ಈಗ ಬಹಳ ಕಡೆ ಸೂರ್ಯಕಾಂತಿ ಎಣ್ಣೆಯೇ ಇದ್ದರೂ ಕೇಳಿಯೇ ತೆಗೆದುಕೊಳ್ಳಬೇಕು. ಕೇಳುವುದು ನನ್ನ ಕೆಲಸ, ನೀನು ಸುಮ್ನೆ ಕೈಚೀಲ ಹಿಡಿದು ನಿಲ್ಲು.

ಮಧ್ಯಾಹ್ನದ ಊಟಕ್ಕೆ ಫೋಜೆಲೇಕ್. ಹೆಸರು ನೋಡಿ ಹೆದರಬೇಡ. ಪಾಲಕ, ಬಟಾಣಿ, ಕುಂಬಳ, ಚನ್ನಂಗಿ ಬೇಳೆ, ಯಾವುದಾದರೂ ಒಂದನ್ನು ಬೇಯಿಸಿ ಹಿಟ್ಟು ಅಥವಾ ಕೆನೆ ಹಾಕಿ ಗಟ್ಟಿ ಮಾಡಿರುತ್ತಾರೆ. ಆಫೀಸಿನವರು, ಮುದುಕರು ತಿನ್ನುವ ಸಣ್ಣ ಖಾನಾವಳಿಗಳಲ್ಲಿ ಸಿಗುತ್ತದೆ. ಮೇಲೆ ಮೊಟ್ಟೆಯೋ ಮಾಂಸವೋ ಇಡಲಾ ಅಂತ ಕೇಳುತ್ತಾರೆ, ಬೇಡ ಅಂದರೆ ಆಯಿತು. ನಿಜ ಹೇಳುತ್ತೇನೆ, ಸಪ್ಪೆ. ಆದರೆ ಪಾಲಕದ್ದು ಬಳ್ಳೊಳ್ಳಿ ಹಾಕಿ ಮಾಡಿರುತ್ತಾರೆ, ಅಪ್ಪಾಜಿಯ ಬಿ.ಪಿ.ಗೂ ಹೊಟ್ಟೆಗೂ ಹಿತ. ನಿನಗಾದರೆ ಪರ್ಸಿನಲ್ಲಿ ಗುರೆಳ್ಳು ಚಟ್ನಿ ಇರಲಿ.

ಊಟದ ಮೊದಲು ಅಲ್ಲಿ ಬೇಸಿಗೆಯಲ್ಲಿ ಹುಳಿ ಚೆರ್ರಿಹಣ್ಣಿನ ತಣ್ಣನೆಯ ಸಾರು ಕೊಡುತ್ತಾರೆ. ಕೆನೆ ಹಾಕಿದ, ಸಿಹಿಯಾದ, ಗುಲಾಬಿ ಬಣ್ಣದ ಸಾರು. ಇವರು ಒಂದು ಚಮಚ ಕುಡಿದು ಬಟ್ಟಲು ನನ್ನ ಕಡೆ ತಳ್ಳಿದರು. ನಾನು ಎರಡೂ ಖಾಲಿ ಮಾಡಿದೆ.

ಮಾರ್ಕೆಟ್ಟಿನ ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಅಂಗಡಿಗಳಿವೆ. ಪಕ್ಕದಲ್ಲೇ ಮೀನು ಮಾರುತ್ತಾರೆ, ಆ ವಾಸನೆಗೆ ನೀನು ಇಳಿಯುವುದು ಅನುಮಾನ. ಅವರ ಸೌತೆಕಾಯಿ ಉಪ್ಪಿನಕಾಯಿಗೆ ಎಣ್ಣೆ, ಖಾರ ಇಲ್ಲ. ಕಾಯಿಯನ್ನು ಉದ್ದಕ್ಕೆ ಸೀಳಿ, ಸಬ್ಬಸಿಗೆ, ಬಳ್ಳೊಳ್ಳಿ, ಉಪ್ಪುನೀರು ಹಾಕಿ, ಜಾಡಿಯ ಬಾಯಿಗೆ ಒಂದು ತುಂಡು ಬ್ರೆಡ್ ಇಟ್ಟು ಕೆಲವು ದಿನ ಬಿಸಿಲಿಗೆ ಇಡುತ್ತಾರೆ. ಬ್ರೆಡ್ಡಿನಿಂದ ಬೇಗ ಹುಳಿ ಹಿಡಿಯುತ್ತದೆ. ನಮ್ಮ ಮಾಳಿಗೆಯ ಬಿಸಿಲಿಗೆ ಅದು ಒಂದೇ ದಿನಕ್ಕೆ ಆದೀತು. ಸಬ್ಬಸಿಗೆ ನಿನಗೆ ಹೇಗೂ ಇಷ್ಟ.

ಆದರೆ ನಿನಗಾಗಿ ನಾನು ಆರಿಸಿಟ್ಟದ್ದು ಬೇರೆಯೇ. ಕೊರೊಜೊಟ್ ಅಂತ. ಹಾಲು ಒಡೆಸಿ ನೀರು ಬಸಿದ ಗಿಣ್ಣದಂಥದ್ದಕ್ಕೆ ಪಾಪ್ರಿಕಾ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಒಂದು ಥರದ ಜೀರಿಗೆ ಹಾಕಿ ಕಲಸುತ್ತಾರೆ. ಕಿತ್ತಳೆ ಬಣ್ಣ. ಅವರು ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ. ನಾನು ಕೋಣೆಗೆ ತಂದು, ಚೀಲದಲ್ಲಿದ್ದ ಖಡಕ್ ರೊಟ್ಟಿ ಮುರಿದು ಅದರಲ್ಲಿ ಅದ್ದಿದೆ. ಮೇಲೆ ಚೂರು ಕೆಂಪು ಮೆಣಸಿನಕಾಯಿ ಹಿಂಡಿ. ಅವ್ವ, ಆ ಊರಿನವರು ಇದನ್ನು ಒಮ್ಮೆ ತಿಂದರೆ ಬ್ರೆಡ್ ಬಿಡುತ್ತಾರೆ. ಮರುದಿನ ಬೆಳಿಗ್ಗೆಯೂ ಇವರು ಅದನ್ನೇ ಕೇಳಿದರು.

ಸಿಹಿ ವಿಷಯದಲ್ಲಿ ಕೇಕುಗಳನ್ನು ನಿನಗೆ ಬರೆದು ಉಪಯೋಗವಿಲ್ಲ, ಎಲ್ಲದರಲ್ಲೂ ಮೊಟ್ಟೆ. ದೋಬೋಶ್ ಕೇಕ್ ಅಂತ ಒಂದಿದೆ. 1885ರ ಒಂದು ದೊಡ್ಡ ಪ್ರದರ್ಶನದಲ್ಲಿ ಯೋಜೆಫ್ ದೋಬೋಶ್ ಎಂಬವರು ಮಾಡಿ ತೋರಿಸಿದ್ದು, ಮೇಲೆ ಸಕ್ಕರೆ ಪಾಕದ ಗಾಜಿನಂಥ ಹಾಳೆ. ಫ್ರಿಜ್ ಇಲ್ಲದ ಕಾಲದಲ್ಲಿ ಕೇಕು ಒಣಗದಂತೆ ಕಾಯಲು ಆ ಹಾಳೆ. ಅದನ್ನು ತಿಂದ ಚಂದದ ಹೋಟೆಲಿನಲ್ಲಿ ಬಿಲ್ಲಿಗೆ ಹೇಳದೆ ಕೇಳದೆ ಸರ್ವಿಸ್ ಚಾರ್ಜು ಸೇರಿಸಿದ್ದರು. ಗೋಡೆಯ ಬಂಗಾರದ ಬಣ್ಣಕ್ಕೂ ನಾವೇ ರೊಕ್ಕ ಕೊಟ್ಟ ಹಾಗಾಯಿತು. ಅಲ್ಲಿಗೆ ನಿಮ್ಮನ್ನು ಕರೆದೊಯ್ಯುವುದಿಲ್ಲ.

ಗಸಗಸೆ ಮಾತ್ರ ಹೇಳಲೇಬೇಕು. ಕಪ್ಪುನೀಲಿ ಬಣ್ಣದ್ದು. ಅದನ್ನು ಪುಡಿ ಮಾಡಿ ಸಕ್ಕರೆ ಬೆರೆಸಿ ಬೇಯಿಸಿದ ಶಾವಿಗೆಯಂಥದ್ದರ ಮೇಲೆ ಸುರಿದು ಊಟದಂತೆಯೇ ತಿನ್ನುತ್ತಾರೆ! ತಿಂದ ಮೇಲೆ ಹಲ್ಲೆಲ್ಲ ಕಪ್ಪು. ಆ ಮಧ್ಯಾಹ್ನ ನನಗೆ ಒಳ್ಳೆ ನಿದ್ದೆ ಬಂತು.

ಮೇ ತಿಂಗಳಿಗೆ ಟಿಕೆಟ್ ನೋಡುತ್ತಿದ್ದೇನೆ. ಅಪ್ಪಾಜಿಯ ಪಾಸ್‌ಪೋರ್ಟಿನ ತಾರೀಖು ಒಮ್ಮೆ ನೋಡಿ ಫೋನಿನಲ್ಲಿ ಹೇಳು. ಖಡಕ್ ರೊಟ್ಟಿ ಜಾಸ್ತಿ ಬಡಿಸಿಕೊಂಡು ಬಾ, ಕೆಂಪು ಹಿಂಡಿಯನ್ನು ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ದೊಡ್ಡ ಬ್ಯಾಗಿನಲ್ಲೇ ಇಡು. ಮಸಾಲೆ ಖಾರ ಕುಟ್ಟಿಸುವಾಗ ಈ ಸಲ ಗಸಗಸೆ ಹಾಕಿಸಬೇಡ. ದುಬೈ ಮೇಲೆ ಬರುವ ವಿಮಾನ ಸಿಕ್ಕರೆ ಅಲ್ಲಿ ಗಸಗಸೆಗೆ ನಿಷೇಧ ಇದೆ. ಕಾಕುಗೂ ಹೇಳಿಡು, ಅವರು ನನಗೆ ಅಂತ ಏನಾದರೂ ಕಟ್ಟಿಕೊಟ್ಟೇ ಕೊಡುತ್ತಾರೆ.

ನಿನ್ನ ಮಗಳು