ಖಾಲಿ ಲೂಪಲ್ಲಿ ಟೈಮ್ ಅಳೆಯೋದನ್ನ ಕಲಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಈಗ್ಲೂ ಎಷ್ಟೋ ಕಡೆ ಡಾಸ್‌ಬಾಕ್ಸ್ (ಹಳೇ ಡಾಸ್ ಕಂಪ್ಯೂಟರನ್ನ ಅನುಕರಿಸೋ ಸಾಫ್ಟ್‌ವೇರ್) ಒಳಗೆ ಟರ್ಬೊ ಸಿ ಅನ್ನೋ ಹಳೇ ಸಿ ಕಂಪೈಲರ್, ಅಂದ್ರೆ ಬರೆದ ಕೋಡನ್ನ ಮಷೀನ್ ಭಾಷೆಗೆ ಬದಲಾಯಿಸೋ ಪ್ರೋಗ್ರಾಂ, ಓಡಿಸ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಸ್ಕ್ರೀನ್ ಮೇಲೆ ಚೆಂಡು ಓಡಿಸೋ ಪ್ರೋಗ್ರಾಂ ಸ್ವಲ್ಪ ನಿಧಾನ ಆಗ್ಲಿ ಅಂತ ಖಾಲಿ ಫಾರ್ ಲೂಪ್ (ಏನೂ ಕೆಲಸ ಮಾಡದೆ ಸುಮ್ನೆ ಸುತ್ತೋ ಕೋಡ್) ಬರೆಸ್ತಾರಲ್ಲ, ಅದು ತಪ್ಪು ಪಾಠ, ಯಾಕಂದ್ರೆ ಮಷೀನ್ ಫಾಸ್ಟ್ ಆದಷ್ಟೂ ಆ ಲೂಪ್ ಬೇಗ ಮುಗಿಯುತ್ತೆ. ನನ್ನ ತಮ್ಮನ ಮಗಳ ರೆಕಾರ್ಡ್ ಬುಕ್ಕಲ್ಲೂ ಅದೇ ಇತ್ತು, ಪಕ್ಕದಲ್ಲಿ ಕೆಂಪು ಇಂಕಲ್ಲಿ ರೈಟ್ ಬೇರೆ ಬಿದ್ದಿತ್ತು.

ಪ್ಯಾಸ್ಕಲ್ ಭಾಷೆಯ ಹಳೇ ಕಂಪೈಲರ್ ಟರ್ಬೊ ಪ್ಯಾಸ್ಕಲ್‌ಗೆ ಏನಾಯ್ತು ಅನ್ನೋದು ಹಳಬರಿಗೆ ನೆನಪಿರುತ್ತೆ. ಅದರ ಸಿಆರ್‌ಟಿ ಯೂನಿಟ್ (ಸ್ಕ್ರೀನ್, ಕೀಬೋರ್ಡ್ ನೋಡಿಕೊಳ್ಳೋ ಸಿದ್ಧ ಕೋಡ್) ಶುರುವಾಗುವಾಗ್ಲೇ, ಪ್ರೋಗ್ರಾಂನ ಕಾಯಿಸೋ ಡಿಲೇ ಫಂಕ್ಷನ್ನಿಗೆ ಅಳತೆ ಬೇಕು ಅಂತ, ಟೈಮರ್‌ನ ಒಂದು ಟಿಕ್‌ನಲ್ಲಿ, ಅಂದ್ರೆ ಸುಮಾರು 55 ಮಿಲಿಸೆಕೆಂಡ್‌ನಲ್ಲಿ, ಲೂಪ್ ಎಷ್ಟು ಸಲ ಸುತ್ತುತ್ತೆ ಅಂತ ಎಣಿಸಿ 55ರಿಂದ ಭಾಗಿಸ್ತಿತ್ತು, ಬಂದ ಉತ್ತರ 65535 ದಾಟಬಾರ್ದಿತ್ತು ಯಾಕಂದ್ರೆ ಅದಕ್ಕೆ ಇದ್ದಿದ್ದು 16 ಬಿಟ್ ಜಾಗ ಅಷ್ಟೇ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪೆಂಟಿಯಂ ಟೂ ಥರದ ಮಷೀನ್ ಬಂದ್ಮೇಲೆ ಆ ಮಿತಿ ದಾಟಿಹೋಯ್ತು, ಪ್ರೋಗ್ರಾಂ ಓಪನ್ ಆಗೋ ಮುಂಚೆನೇ ರನ್‌ಟೈಮ್ ಎರರ್ 200, ಸೊನ್ನೆಯಿಂದ ಭಾಗಾಕಾರ ಅಂತ! ಸೊನ್ನೆ ಎಲ್ಲಿಂದ ಬಂತು, ಭಾಜಕ 55 ಇತ್ತಲ್ಲ? ಉತ್ತರ ಜಾಗಕ್ಕೆ ಹಿಡಿಸದೇ ಹೋದ್ರೂ ಪ್ರೊಸೆಸರ್ ಸೊನ್ನೆಯಿಂದ ಭಾಗಿಸಿದಾಗ ಕೊಡೋ ಅದೇ ಇಂಟರಪ್ಟ್ (ಕೆಲಸ ತಡೆಯೋ ಸಂಕೇತ) ಕೊಡುತ್ತೆ, ಹಾಗಾಗಿ ಮೆಸೇಜೇ ದಾರಿ ತಪ್ಪಿಸ್ತು. ಡಿಲೇ ಫಂಕ್ಷನ್ನೇ ಬಳಸದ ಲೆಕ್ಕಪತ್ರದ ಪ್ರೋಗ್ರಾಂಗಳೂ ಬಿದ್ದುಹೋದ್ವು, ಆ ಯೂನಿಟ್ ಸೇರಿಸಿದ್ರೆ ಸಾಕಿತ್ತು.

ವಿಂಡೋಸ್ 95ಕ್ಕೂ ಇಂಥದ್ದೇ ಗತಿ. 350 ಮೆಗಾಹರ್ಟ್ಸ್ ಮತ್ತೆ ಅದಕ್ಕಿಂತ ಮೇಲಿನ ಎಎಂಡಿ ಕಂಪನಿಯ ಕೆ6-2 ಪ್ರೊಸೆಸರ್ ಹಾಕಿದ್ರೆ ಬೂಟ್ ಆಗುವಾಗ್ಲೇ ಕೈಕೊಡ್ತಿತ್ತು. ಆ ಚಿಪ್ಪಲ್ಲಿ ಲೂಪ್ ಸೂಚನೆ ತುಂಬಾ ಫಾಸ್ಟ್, ಹಾಗಾಗಿ ಲೂಪ್ ಸುತ್ತಿಸಿ ವಿಂಡೋಸ್ ಮಾಡ್ತಿದ್ದ ಟೈಮ್ ಲೆಕ್ಕ ಕೆಡ್ತಿತ್ತು, ಚಿಪ್ಪಲ್ಲಿ ದೋಷ ಇರ್ಲಿಲ್ಲ, ಕೊನೆಗೆ ಪ್ಯಾಚ್ (ತಪ್ಪು ಸರಿಮಾಡೋ ತಿದ್ದುಪಡಿ) ಬಿಟ್ಟಿದ್ದು ಮೈಕ್ರೋಸಾಫ್ಟೇ.

ಇದೆಲ್ಲ ಹಳೇ ಕಥೆ ಅನ್ಬೇಡಿ. ಇವತ್ತಿನ ಕಂಪೈಲರ್‌ಗೆ ಆಪ್ಟಿಮೈಸೇಷನ್ (ಕೋಡನ್ನ ಚುರುಕು ಮಾಡೋ ಸೌಲಭ್ಯ) ಆನ್ ಮಾಡಿ ಅದೇ ಖಾಲಿ ಲೂಪ್ ಕೊಟ್ರೆ ಸಾಮಾನ್ಯವಾಗಿ ಕೆಲಸಕ್ಕೆ ಬಾರದ್ದು ಅಂತ ಅದನ್ನ ಪೂರ್ತಿ ತೆಗೆದೇ ಹಾಕುತ್ತೆ, ಮಕ್ಕಳು ನಾಳೆ ಕೆಲಸಕ್ಕೆ ಸೇರಿದಾಗ ಕಾಯೋ ಜಾಗದಲ್ಲಿ ಪ್ರೋಗ್ರಾಂ ಕಾಯೋದೇ ಇಲ್ಲ, ಆಗ ಯಾಕೆ ಅಂತ ಹೊಳೆಯೋದೂ ಇಲ್ಲ.

ಲ್ಯಾಬಲ್ಲಿ ಇದನ್ನ ತೋರಿಸೋಕೆ ಖರ್ಚೇನೂ ಇಲ್ಲ. ಚೆಂಡಿನ ಪ್ರೋಗ್ರಾಂ ಓಡ್ತಾ ಇರುವಾಗ ಡಾಸ್‌ಬಾಕ್ಸಲ್ಲಿ ಕಂಟ್ರೋಲ್ ಎಫ್12 (ಅನುಕರಿಸಿದ ಮಷೀನಿನ ವೇಗ ಏರಿಸೋ ಕೀ) ನಾಲ್ಕೈದು ಸಲ ಒತ್ತಿಸಿ, ಚೆಂಡಿನ ವೇಗ ಏರೋದು ಕಣ್ಣಿಗೇ ಕಾಣುತ್ತೆ. ಆಮೇಲೆ ಕ್ಲಾಕ್ ಫಂಕ್ಷನ್ನಿಂದ ಸಮಯ ಓದಿ ಅದೇ ಪ್ರೋಗ್ರಾಂ ಬರೆಸಿ, ಮತ್ತೆ ಒತ್ತಿಸಿ, ಈ ಸಲ ಚೆಂಡಿನ ವೇಗ ಹಾಗೇ ಇರುತ್ತೆ. ಲ್ಯಾಬ್ ಮ್ಯಾನ್ಯುಯಲ್ ತಯಾರು ಮಾಡೋರು ದಯವಿಟ್ಟು ಮುಂದಿನ ವರ್ಷಕ್ಕೆ ಈ ಎರಡೂ ಪ್ರೋಗ್ರಾಂನ ಅಕ್ಕಪಕ್ಕ ಇಡ್ಲಿ.

ಒಬ್ಬ ಓದುಗ, ಹಾಸನ